ಮೂಕ ಪ್ರಾಣಿಗಳ ಪರವಾಗಿ ಕೈ ಎತ್ತುವ ಸಮಿತಿಗಳು

ಶಾಲೆಗಳಿಗೆ ರಜೆ ಬಂತೆಂದರೆ ಮುಂಬಯಿಯ ತುಳು-ಕನ್ನಡಿಗರ ಮನೆಗಳಲ್ಲಿ ಮಕ್ಕಳ ಮೊದಲ ಬೇಡಿಕೆ ಬೈಕಲಾದ ರಾಣಿಬಾಗ್. ಊರಿಗೆ ಹೋದವರಿಗೆ ಮಂಗಳೂರಿನ ಪಿಲಿಕುಳ, ಇನ್ನೂ ಮುಂದೆ ಹೋದವರಿಗೆ ಮೈಸೂರಿನ ಚಾಮರಾಜೇಂದ್ರ ಮೃಗಾಲಯ. ಟಿಕೆಟ್ ತೆಗೆದು ಒಳಗೆ ಹೋಗಿ, ಹುಲಿ, ಆನೆ, ಹಕ್ಕಿಗಳನ್ನು ನೋಡಿ, ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸಿ ಮನೆಗೆ ಮರಳುತ್ತೇವೆ. ಆ ಪ್ರಾಣಿಗಳ ಯೋಗಕ್ಷೇಮವನ್ನು ಯಾರು ಪರೀಕ್ಷಿಸುತ್ತಾರೆ, ತಪ್ಪಾದರೆ ಯಾರು ಕೇಳುತ್ತಾರೆ ಎಂಬ ಯೋಚನೆ ಹೆಚ್ಚಿನವರಿಗೆ ಬರುವುದಿಲ್ಲ.

2016ರಲ್ಲಿ ಮುಂಬಯಿಗೆ ಆ ಯೋಚನೆ ಬಂತು. ಆ ವರ್ಷದ ಜುಲೈಯಲ್ಲಿ ದಕ್ಷಿಣ ಕೊರಿಯಾದಿಂದ ಎಂಟು ಹಂಬೋಲ್ಟ್ ಪೆಂಗ್ವಿನ್‌ಗಳು ರಾಣಿಬಾಗ್‌ಗೆ ಬಂದವು. ಅಕ್ಟೋಬರ್‌ನಲ್ಲಿ ಅವುಗಳಲ್ಲಿ ಒಂದು ಸತ್ತಿತು. ಪತ್ರಿಕೆಗಳಲ್ಲಿ, ಲೋಕಲ್ ರೈಲಿನಲ್ಲಿ, ಪಾಲಿಕೆಯ ಸಭೆಗಳಲ್ಲಿ ಒಂದೇ ಪ್ರಶ್ನೆ: ಇದಕ್ಕೆ ಯಾರು ಹೊಣೆ? ಮನುಷ್ಯನಿಗೆ ಅನ್ಯಾಯವಾದರೆ ಆತ ದೂರು ಕೊಡಬಹುದು, ಕೋರ್ಟಿನ ಮೆಟ್ಟಿಲು ಹತ್ತಬಹುದು. ಗೂಡಿನೊಳಗಿನ ಮೂಕ ಜೀವಕ್ಕೆ ಆ ದಾರಿ ಇಲ್ಲ. ಅದರ ಪರವಾಗಿ ಮಾತನಾಡಬೇಕಾದವರು ಎಲ್ಲೋ ಒಂದು ಮೇಜಿನ ಸುತ್ತ ಕುಳಿತ ಸಮಿತಿಯ ಸದಸ್ಯರು.

ಸಮಿತಿ ಎಂಬ ಮಾತು ಮುಂಬಯಿ ಕನ್ನಡಿಗರಿಗೆ ಹೊಸದೇನಲ್ಲ. ಅಧ್ಯಕ್ಷರು, ಉಪಾಧ್ಯಕ್ಷರು, ಗೌರವ ಪ್ರಧಾನ ಕಾರ್ಯದರ್ಶಿ, ಗೌರವ ಕೋಶಾಧಿಕಾರಿ, ಮಹಿಳಾ ವಿಭಾಗ, ಯುವ ವಿಭಾಗ, ಶಿಕ್ಷಣ ಸಮಿತಿ, ವರ್ಷಕ್ಕೊಂದು ಮಹಾಸಭೆ - ಇವೆಲ್ಲ ಇಲ್ಲಿನ ಪ್ರತಿಯೊಂದು ಸಂಘ-ಸಂಸ್ಥೆಯ ನಿತ್ಯದ ಮಾತು. ಮೃಗಾಲಯಗಳೇ ಸದಸ್ಯರಾಗಿ ಕಟ್ಟಿಕೊಂಡ ಇಂಥದೇ ಒಂದು ಸಂಘ ಅಮೆರಿಕದಲ್ಲಿದೆ. ಅದರ ಹೆಸರು ಅಸೋಸಿಯೇಷನ್ ಆಫ್ ಝೂಸ್ ಆ್ಯಂಡ್ ಅಕ್ವೇರಿಯಮ್ಸ್, ಚಿಕ್ಕದಾಗಿ ಎ.ಝಡ್.ಎ. ತನ್ನದೇ ಸದಸ್ಯರಿಗೆ 'ಇಲ್ಲ' ಎನ್ನುವ ಅಧಿಕಾರವನ್ನು ಸಮಿತಿಗಳಿಗೆ ಕೊಟ್ಟ ಕಾರಣದಿಂದ ಅದರ ಕಥೆ ತಿಳಿದುಕೊಳ್ಳಲು ಯೋಗ್ಯವಾಗಿದೆ.

ನೂರು ವರ್ಷದ ಸಂಘ

ಈ ಸಂಘ ಹುಟ್ಟಿದ್ದು 1924ರಲ್ಲಿ. ಮುಂಬಯಿಯಲ್ಲಿ ಮೈಸೂರು ಅಸೋಸಿಯೇಷನ್ ಸ್ಥಾಪನೆಯಾದದ್ದು ಅದರ ಎರಡು ವರ್ಷಗಳ ನಂತರ, 1926ರಲ್ಲಿ ಎಂದರೆ ಕಾಲದ ಅಂದಾಜು ಸಿಗುತ್ತದೆ. ಮೊದಲಿಗೆ ಇದು ಉದ್ಯಾನವನಗಳ ಅಧಿಕಾರಿಗಳ ಸಂಸ್ಥೆಯೊಂದರ ಅಂಗವಾಗಿತ್ತು. ಮೃಗಾಲಯ ಎಂದರೆ ಉದ್ಯಾನದ ಒಂದು ಮೂಲೆಯಲ್ಲಿ ಸಾಲಾಗಿ ಇಟ್ಟ ಪಂಜರಗಳು ಎಂಬ ಭಾವನೆ ಇದ್ದ ಕಾಲವದು. 1970ರ ದಶಕದ ಆರಂಭದಲ್ಲಿ ಸಂಘ ಸ್ವತಂತ್ರವಾಯಿತು. ಈಗ ಅದರ ಕಚೇರಿ ಇರುವುದು ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್‌ನಲ್ಲಿ.

1974ರಲ್ಲಿ ಸಂಘವು ಸದಸ್ಯ ಮೃಗಾಲಯಗಳನ್ನು ಪರೀಕ್ಷಿಸಿ ಮಾನ್ಯತೆ ಕೊಡುವ ಪದ್ಧತಿಯನ್ನು ಆರಂಭಿಸಿತು. ಮೊದಲಿಗೆ ಅದು ಇಷ್ಟವಿದ್ದವರಿಗೆ ಮಾತ್ರ. 1985ರಿಂದ ಕಡ್ಡಾಯವಾಯಿತು. ಅಂದರೆ ಪರೀಕ್ಷೆಯಲ್ಲಿ ಪಾಸಾಗದ ಮೃಗಾಲಯಕ್ಕೆ ಸಂಘದಲ್ಲಿ ಸದಸ್ಯತ್ವವೇ ಇಲ್ಲ. ಚಂದಾ ಕೊಟ್ಟವರೆಲ್ಲ ಸದಸ್ಯರು ಎಂಬ ಪದ್ಧತಿಯಿಂದ, ಯೋಗ್ಯತೆ ತೋರಿಸಿದವರು ಮಾತ್ರ ಸದಸ್ಯರು ಎಂಬ ಪದ್ಧತಿಗೆ ಸಂಘ ಬಂದು ನಿಂತಿತು.

ಅಮೆರಿಕದ ಕಾನೂನಿನ ಪ್ರಕಾರ ಸಾರ್ವಜನಿಕರಿಗೆ ಪ್ರಾಣಿ ತೋರಿಸುವವರು ಅಲ್ಲಿನ ಕೃಷಿ ಇಲಾಖೆಯಿಂದ ಲೈಸೆನ್ಸ್ ಪಡೆದರೆ ಸಾಕು. 1966ರ ಪ್ರಾಣಿ ಕಲ್ಯಾಣ ಕಾಯ್ದೆಯ ಕೆಳಗೆ ಕೊಡುವ ಈ ಲೈಸೆನ್ಸಿನ ಷರತ್ತುಗಳು ಕನಿಷ್ಠ ಮಟ್ಟದವು. ರಸ್ತೆ ಬದಿಯ ಸಣ್ಣ ಪ್ರದರ್ಶನಗಳಿಗೂ ಅದು ಸಿಗುತ್ತದೆ. ಲೈಸೆನ್ಸ್ ಪಡೆದ ಸುಮಾರು 2,800 ಪ್ರದರ್ಶಕರಲ್ಲಿ ತನ್ನ ಮಾನ್ಯತೆ ಪಡೆದವರು ಶೇಕಡಾ 10ಕ್ಕಿಂತ ಕಡಿಮೆ ಎಂದು ಎ.ಝಡ್.ಎ. ಹೇಳಿಕೊಂಡು ಬಂದಿದೆ. ಸರಕಾರದ ಕಾನೂನು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಮುಂದಿನ ಕೆಲಸವನ್ನು ಸಂಘದ ಸಮಿತಿಗಳು ಮಾಡಬೇಕು.

ಒಂದೊಂದು ಕೆಲಸಕ್ಕೆ ಒಂದೊಂದು ಸಮಿತಿ

ಎಲ್ಲಕ್ಕೂ ಮೇಲೆ ಇರುವುದು ಸದಸ್ಯರು ಚುನಾಯಿಸಿದ ನಿರ್ದೇಶಕ ಮಂಡಳಿ. ಧೋರಣೆ, ಹಣಕಾಸು, ನಿಯಮಾವಳಿ ಇವು ಅದರ ಕೆಲಸ. ಅದರ ಕೆಳಗೆ ಹಲವು ಸಮಿತಿಗಳಿವೆ. ಪ್ರಾಣಿ ಕಲ್ಯಾಣಕ್ಕೆ ಒಂದು, ವಂಶಾಭಿವೃದ್ಧಿಗೆ ಒಂದು, ನೈತಿಕ ಸಂಹಿತೆ ಉಲ್ಲಂಘಿಸಿದ ದೂರುಗಳಿಗೆ ಒಂದು, ಶಿಕ್ಷಣಕ್ಕೆ ಒಂದು, ಸುರಕ್ಷತೆಗೆ ಒಂದು - ಹೀಗೆ. ಇವುಗಳಲ್ಲಿ ಕುಳಿತುಕೊಳ್ಳುವವರು ಬೇರೆ ಬೇರೆ ಮೃಗಾಲಯಗಳ ನಿರ್ದೇಶಕರು, ಪಶುವೈದ್ಯರು, ಪ್ರಾಣಿಗಳ ಮೇಲ್ವಿಚಾರಕರು. ತಮ್ಮ ನೌಕರಿಯ ಜೊತೆಯಲ್ಲೇ ಸಂಘದ ಕೆಲಸವನ್ನೂ ಮಾಡುತ್ತಾರೆ. ಮುಂಬಯಿಯಲ್ಲಿ ಆಫೀಸು, ಹೊಟೇಲು ಮುಗಿಸಿ ಸಂಜೆ ಸಂಘದ ಸಭೆಗೆ ಓಡುವವರಿಗೆ ಇದು ಅರ್ಥವಾಗುವ ವಿಷಯ.

ಈ ವ್ಯವಸ್ಥೆಯ ಬೆನ್ನೆಲುಬು ಮಾನ್ಯತಾ ಆಯೋಗ. ಇದರ ಕೆಲಸ ನಡೆಯುವ ರೀತಿ ಹೀಗಿದೆ. ಮೃಗಾಲಯ ಮೊದಲು ದೊಡ್ಡದೊಂದು ಅರ್ಜಿ ತುಂಬಿ, ದಾಖಲೆಗಳ ಕಟ್ಟನ್ನೇ ಕಳಿಸಬೇಕು. ಬಳಿಕ ಬೇರೆ ಮೃಗಾಲಯಗಳ ಪಶುವೈದ್ಯರು, ಪ್ರಾಣಿ ಪಾಲನೆ ಮತ್ತು ಆಡಳಿತ ಬಲ್ಲವರು ಇರುವ ತಂಡವೊಂದು ಬಂದು ಕೆಲವು ದಿನ ಉಳಿದು ಪರೀಕ್ಷಿಸುತ್ತದೆ. ಅಡುಗೆ ಕೋಣೆ, ಔಷಧದ ಕಪಾಟು, ರಾತ್ರಿ ಪ್ರಾಣಿಗಳನ್ನು ಇಡುವ ಕೋಣೆ, ಬೇಲಿ, ಬೀಗ, ನೀರಿನ ಪೈಪು, ಲೆಕ್ಕಪತ್ರ, ಯಾವುದೂ ಬಿಟ್ಟುಹೋಗುವಂತಿಲ್ಲ. ತಂಡ ವರದಿ ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ವರದಿಯನ್ನು ಮುಂದಿಟ್ಟುಕೊಂಡು ಆಯೋಗವು ಮೃಗಾಲಯದ ಮುಖ್ಯಸ್ಥರನ್ನು ಎದುರಿಗೆ ಕೂರಿಸಿ ವಿಚಾರಣೆ ಮಾಡುತ್ತದೆ. ಆಮೇಲೆ ಮೂರರಲ್ಲಿ ಒಂದು ನಿರ್ಣಯ: ಮಾನ್ಯತೆ ಕೊಡುವುದು, ಕೊರತೆ ಸರಿಪಡಿಸಲು ಒಂದು ವರ್ಷ ಕಾಯಿಸುವುದು, ಇಲ್ಲವೇ ನಿರಾಕರಿಸುವುದು. ಮಾನ್ಯತೆ ಸಿಕ್ಕರೂ ಅದು ಐದು ವರ್ಷಕ್ಕೆ ಮಾತ್ರ. ಐದು ವರ್ಷ ಕಳೆದ ಮೇಲೆ ಮೊದಲಿನಿಂದ ಪರೀಕ್ಷೆ.

ನೋಡಿ ಬಂದವರು ಬೇರೆ, ತೀರ್ಮಾನಿಸುವವರು ಬೇರೆ, ಮೇಲ್ಮನವಿ ಕೇಳುವವರು ಬೇರೆ. ಒಬ್ಬರ ಕೈಯಲ್ಲೇ ಎಲ್ಲವೂ ಇರಬಾರದು ಎಂಬುದು ಇದರ ಹಿಂದಿನ ವಿಚಾರ.

ಸಂಘದ ನಿಯಮಗಳಲ್ಲಿ ಇನ್ನೊಂದು ಮಾತಿದೆ. ಮೃಗಾಲಯವನ್ನು ನಡೆಸುವುದು ಪಾಲಿಕೆಯಿರಲಿ, ಟ್ರಸ್ಟ್ ಇರಲಿ, ಅದರ ಆಡಳಿತ ಮಂಡಳಿ ಧೋರಣೆಯನ್ನು ನಿರ್ಧರಿಸಬಹುದು. ಆದರೆ ದಿನನಿತ್ಯದ ಆಡಳಿತ, ಯಾವ ಪ್ರಾಣಿ ತರಬೇಕು, ಯಾವುದನ್ನು ಕಳಿಸಬೇಕು ಎಂಬ ಅಧಿಕಾರ ನಿರ್ದೇಶಕರ ಕೈಯಲ್ಲಿರಬೇಕು. ದಾನಿಯೊಬ್ಬರಿಗೆ ಬಿಳಿ ಹುಲಿ ಇಷ್ಟವೆಂದೋ, ನಾಯಕರೊಬ್ಬರು ಉದ್ಘಾಟನೆಗೆ ಅವಸರ ಮಾಡಿದರೆಂದೋ ಪ್ರಾಣಿಗಳನ್ನು ತರುವಂತಾಗಬಾರದು ಎಂಬುದಕ್ಕೆ ಇಂಥ ನಿಯಮ ಬೇಕಾಗುತ್ತದೆ.

ಜಾತಕ ನೋಡುವ ಸಮಿತಿ

ಮೃಗಾಲಯಗಳಲ್ಲಿ ಗಂಡು-ಹೆಣ್ಣು ಕೂಡಿಸುವುದಕ್ಕೂ ಸಮಿತಿ ಇದೆ ಎಂದರೆ ಕೆಲವರಿಗೆ ನಗು ಬರಬಹುದು. ನಮ್ಮಲ್ಲಿ ಸಂಬಂಧ ಕುದುರಿಸುವಾಗ ಹಿರಿಯರು ಗೋತ್ರ ನೋಡುತ್ತಾರೆ, ತುಳುವರು ಬರಿ ಕೇಳುತ್ತಾರೆ. ಒಂದೇ ಬರಿಯವರಾದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಮೃಗಾಲಯಗಳಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ. ಒಂದೊಂದು ಜಾತಿಯ ಪ್ರಾಣಿಗೂ ವಂಶಾವಳಿ ಪುಸ್ತಕ ಇರುತ್ತದೆ. ಯಾವ ಮರಿಗೆ ಯಾರು ತಾಯಿ, ಯಾರು ತಂದೆ, ಎಲ್ಲಿ ಹುಟ್ಟಿತು, ಎಲ್ಲಿಗೆ ಹೋಯಿತು ಎಂಬುದೆಲ್ಲ ಅದರಲ್ಲಿ ದಾಖಲು. 1981ರಲ್ಲಿ ಎ.ಝಡ್.ಎ. ಆರಂಭಿಸಿದ ಜಾತಿ ಉಳಿವು ಯೋಜನೆಯ ಕೆಳಗೆ ತಜ್ಞರ ಗುಂಪುಗಳು ಈ ಪುಸ್ತಕಗಳನ್ನು ನೋಡಿ, ಯಾವ ಮೃಗಾಲಯದ ಗಂಡು ಯಾವ ಮೃಗಾಲಯದ ಹೆಣ್ಣಿನ ಬಳಿಗೆ ಹೋಗಬೇಕು ಎಂದು ಶಿಫಾರಸು ಮಾಡುತ್ತವೆ. ಹತ್ತಿರದ ಸಂಬಂಧಿಗಳು ಕೂಡಿದರೆ ಸಂತಾನ ದುರ್ಬಲವಾಗುತ್ತದೆ, ಕೆಲವು ತಲೆಮಾರಿನಲ್ಲಿ ವಂಶವೇ ಸೊರಗುತ್ತದೆ.

ಉತ್ತರ ಅಮೆರಿಕದ ಕಪ್ಪು ಪಾದದ ಫೆರೆಟ್ ಇದಕ್ಕೆ ಒಳ್ಳೆಯ ಉದಾಹರಣೆ. ನಮ್ಮ ಮುಂಗುಸಿಯಂತೆ ಉದ್ದ ಮೈಯ ಈ ಪುಟ್ಟ ಪ್ರಾಣಿ ನಿರ್ನಾಮವಾಯಿತೆಂದೇ ಎಲ್ಲರೂ ತಿಳಿದಿದ್ದರು. 1981ರಲ್ಲಿ ವಯೋಮಿಂಗ್ ರಾಜ್ಯದಲ್ಲಿ ಒಂದು ಸಣ್ಣ ಗುಂಪು ಸಿಕ್ಕಿತು. ರೋಗ ತಗಲಿ ಅವೂ ಸಾಯತೊಡಗಿದಾಗ 1987ರ ಹೊತ್ತಿಗೆ ಉಳಿದ 18 ಪ್ರಾಣಿಗಳನ್ನು ಹಿಡಿದು ಸಂರಕ್ಷಣೆಯಲ್ಲಿಟ್ಟರು. ಅವುಗಳಲ್ಲಿ ಕೇವಲ ಏಳರ ವಂಶ ಮುಂದುವರಿಯಿತು. ಏಳು ಜೀವಗಳಿಂದ ಒಂದು ಜಾತಿಯನ್ನು ಮತ್ತೆ ಕಟ್ಟುವಾಗ ಒಂದು ತಪ್ಪು ಜೋಡಿಯೂ ದುಬಾರಿ. ಸರಕಾರದ ವನ್ಯಜೀವಿ ಇಲಾಖೆ ಮತ್ತು ಮೃಗಾಲಯಗಳು ಒಂದೇ ಪುಸ್ತಕ ನೋಡಿಕೊಂಡು ಕೆಲಸ ಮಾಡಿದ್ದರಿಂದ ಸಾವಿರಾರು ಮರಿಗಳು ಹುಟ್ಟಿದವು, ಬಹಳಷ್ಟನ್ನು ಬಯಲಿಗೆ ಬಿಡಲಾಯಿತು.

ಇಂಥ ಯೋಜನೆಯಲ್ಲಿ ಮೃಗಾಲಯಗಳು 'ಇದು ನಮ್ಮ ಪ್ರಾಣಿ, ನಾವು ಕೊಡುವುದಿಲ್ಲ' ಎಂದು ಹಟ ಹಿಡಿಯುವಂತಿಲ್ಲ. ಸಾಮಾನ್ಯವಾಗಿ ಮಾರಾಟದ ಮಾತೂ ಇಲ್ಲ, ಎರವಲು ಅಥವಾ ವಿನಿಮಯ ಮಾತ್ರ. ಸಂಘದಿಂದ ಹೊರಬಿದ್ದ ಮೃಗಾಲಯಕ್ಕೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ. ಮಾನ್ಯತೆಯ ಕಾಗದಕ್ಕೆ ಬೆಲೆ ಬಂದಿರುವುದು ಹೀಗೆ.

ಕೊಲಂಬಸ್‌ನ ಪಾಠ

ಓಹಾಯೊ ರಾಜ್ಯದ ಕೊಲಂಬಸ್ ಮೃಗಾಲಯ ಅಮೆರಿಕದ ಹೆಸರಾಂತ ಮೃಗಾಲಯಗಳಲ್ಲಿ ಒಂದು. ಮನುಷ್ಯರ ಪಾಲನೆಯಲ್ಲಿ ಹುಟ್ಟಿದ ಜಗತ್ತಿನ ಮೊದಲ ಗೊರಿಲ್ಲಾ 'ಕೊಲೊ' 1956ರ ಡಿಸೆಂಬರ್‌ನಲ್ಲಿ ಇಲ್ಲಿಯೇ ಜನಿಸಿ, 60 ವರ್ಷ ಬದುಕಿ 2017ರಲ್ಲಿ ಸತ್ತಿತು. ಇದರ ನಿರ್ದೇಶಕರಾಗಿದ್ದ ಜ್ಯಾಕ್ ಹ್ಯಾನಾ ಟಿ.ವಿ. ಕಾರ್ಯಕ್ರಮಗಳಿಂದ ಮನೆಮಾತಾದವರು. ಇಂಥ ದೊಡ್ಡ ಸದಸ್ಯನ ಮೇಲೆ ಸಂಘ ಕೈ ಮಾಡೀತೆಂದು ಯಾರೂ ಎಣಿಸಿರಲಿಲ್ಲ.

2021ರ ಮಾರ್ಚ್‌ನಲ್ಲಿ ಮೃಗಾಲಯದ ಮುಖ್ಯಸ್ಥರು ಮತ್ತು ಹಣಕಾಸು ಅಧಿಕಾರಿ ರಾಜೀನಾಮೆ ಕೊಟ್ಟರು. ಸಂಸ್ಥೆಯ ಸೊತ್ತನ್ನು ಸ್ವಂತಕ್ಕೆ, ಕುಟುಂಬದವರಿಗೆ ಬಳಸಿದ್ದನ್ನು ಸ್ಥಳೀಯ ಪತ್ರಿಕೆಯೊಂದು ಬಯಲಿಗೆಳೆದಿತ್ತು. ನಂತರದ ಲೆಕ್ಕ ತಪಾಸಣೆಯಲ್ಲಿ ಆರು ಲಕ್ಷ ಡಾಲರ್‌ಗೂ ಮಿಕ್ಕಿದ ನಷ್ಟ ಕಂಡುಬಂತು. ಅದೇ ವರ್ಷ ಬಂದ ಸಾಕ್ಷ್ಯಚಿತ್ರವೊಂದು ಇನ್ನೊಂದು ಪ್ರಶ್ನೆ ಎತ್ತಿತು. ಟಿ.ವಿ.ಯಲ್ಲಿ ಮುದ್ದಾಗಿ ಕಾಣುತ್ತಿದ್ದ ಹುಲಿ, ಚಿರತೆ ಮರಿಗಳು ಎಲ್ಲಿಂದ ಬರುತ್ತಿದ್ದವು, ಆಮೇಲೆ ಎಲ್ಲಿಗೆ ಹೋಗುತ್ತಿದ್ದವು ಎಂಬುದೇ ಆ ಪ್ರಶ್ನೆ.

2021ರ ಅಕ್ಟೋಬರ್‌ನಲ್ಲಿ ಮಾನ್ಯತಾ ಆಯೋಗ ಕೊಲಂಬಸ್‌ಗೆ ಮಾನ್ಯತೆ ನಿರಾಕರಿಸಿತು. ಹಳೆಯ ಆಡಳಿತದ ಅವ್ಯವಹಾರ ಮತ್ತು ಪ್ರಾಣಿಗಳನ್ನು ತರುವ-ಕಳಿಸುವ ವಿಷಯದಲ್ಲಿ ನಡೆದ ಲೋಪಗಳು ಇದಕ್ಕೆ ಕಾರಣವಾಗಿದ್ದವು. ತಪ್ಪಿತಸ್ಥರು ಹೋಗಿಯಾಗಿದೆ, ಈಗಿನವರು ಸುಧಾರಿಸುತ್ತಿದ್ದಾರೆ ಎಂದು ಮೃಗಾಲಯ ಮೇಲ್ಮನವಿ ಸಲ್ಲಿಸಿತು. ಡಿಸೆಂಬರ್‌ನಲ್ಲಿ ಅದೂ ತಿರಸ್ಕೃತವಾಯಿತು. ಹೊಸ ಮುಖ್ಯಸ್ಥರು ಬಂದು, ಪ್ರಾಣಿಗಳ ಲೆಕ್ಕ, ಹಣದ ಲೆಕ್ಕ ಎರಡನ್ನೂ ಸರಿಪಡಿಸಿ ಮತ್ತೆ ಅರ್ಜಿ ಹಾಕಿದ ಮೇಲೆ, 2023ರ ಮಾರ್ಚ್‌ನಲ್ಲಿ ಮಾನ್ಯತೆ ಮರಳಿ ಸಿಕ್ಕಿತು.

ಈ ಪ್ರಕರಣದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹಗರಣವನ್ನು ಮೊದಲು ಕಂಡುಹಿಡಿದದ್ದು ಸಂಘದ ಪರೀಕ್ಷಕರಲ್ಲ, ಪತ್ರಕರ್ತರು ಮತ್ತು ಚಿತ್ರ ತೆಗೆದವರು. ಐದು ವರ್ಷಕ್ಕೊಮ್ಮೆ ಬರುವ ತಂಡದ ಕಣ್ಣಿಗೆ ಎಲ್ಲವೂ ಬೀಳುವುದಿಲ್ಲ. ಆದರೆ ವಿಷಯ ಹೊರಬಂದ ಮೇಲೆ ಹೆಸರಿಗೆ, ಗೆಳೆತನಕ್ಕೆ ಕಟ್ಟುಬೀಳದೆ ಸಮಿತಿ ನಿರ್ಣಯ ತೆಗೆದುಕೊಂಡಿತು.

ಬೇಲಿ ಮತ್ತು ಹೊಲ

ಮೃಗಾಲಯದವರೇ ಮೃಗಾಲಯವನ್ನು ಪರೀಕ್ಷಿಸುವುದೆಂದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗದೇ ಎಂದು ಕೇಳುವವರಿದ್ದಾರೆ. ಇಂದು ಪರೀಕ್ಷಿಸಲು ಹೋದವರ ಮೃಗಾಲಯಕ್ಕೆ ನಾಳೆ ಇವರೇ ಪರೀಕ್ಷಕರಾಗಿ ಬರಬಹುದು. ಪ್ರಾಣಿ ದಯಾ ಸಂಘಟನೆಗಳು ಈ ಮಾತನ್ನು ಹಲವು ವರ್ಷಗಳಿಂದ ಆಡುತ್ತಿವೆ. ಆನೆ, ತಿಮಿಂಗಿಲದಂಥ ಪ್ರಾಣಿಗಳನ್ನು ಕೂಡಿಹಾಕುವುದೇ ಸರಿಯಲ್ಲ, ಎಷ್ಟು ಸಮಿತಿ ಮಾಡಿದರೂ ಅದು ಸರಿಹೋಗದು ಎನ್ನುವವರೂ ಇದ್ದಾರೆ. ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ನಿಯಮ ಬಿಗಿಯಾದಾಗ ಒಳಗಿನವರೇ ಸಿಟ್ಟಾಗುವುದೂ ಉಂಟು. ಆನೆಗಳ ಜೊತೆ ಪಾಲಕರು ಅಡ್ಡಗಂಬಿ ಇಲ್ಲದೆ ಒಂದೇ ಜಾಗದಲ್ಲಿ ಕೆಲಸ ಮಾಡುವುದು ಅಪಾಯ, ನಡುವೆ ತಡೆ ಇರಲೇಬೇಕು ಎಂದು 2011ರಲ್ಲಿ ಎ.ಝಡ್.ಎ. ಮಂಡಳಿ ತೀರ್ಮಾನಿಸಿತು. ಪಿಟ್ಸ್‌ಬರ್ಗ್ ಮೃಗಾಲಯಕ್ಕೆ ಇದು ಒಪ್ಪಿಗೆಯಾಗಲಿಲ್ಲ. 2015ರಲ್ಲಿ ಅದು ಸಂಘವನ್ನೇ ಬಿಟ್ಟುಹೋಯಿತು. ಕೆಲವು ವರ್ಷಗಳ ನಂತರ ಆಡಳಿತ ಬದಲಾದ ಮೇಲೆ ಮತ್ತೆ ಸಂಘಕ್ಕೆ ಮರಳಿತು. ದೊಡ್ಡ ಸದಸ್ಯ ಮುನಿಸಿಕೊಂಡನೆಂದು ಸಂಘ ಆ ನಿಯಮವನ್ನು ಕೈಬಿಡಲಿಲ್ಲ.

ನಮ್ಮಲ್ಲಿ ಹೇಗೆ?

ಭಾರತದಲ್ಲಿ ದಾರಿ ಬೇರೆ. ಅಲ್ಲಿ ಸಂಘದ ಸದಸ್ಯತ್ವ ಐಚ್ಛಿಕ, ಇಲ್ಲಿ ಮಾನ್ಯತೆ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ತಂದು, 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವನ್ನು ಸ್ಥಾಪಿಸಲಾಯಿತು. ಕಾಯ್ದೆಯ ಪ್ರಕಾರ ಅದಕ್ಕೆ ಒಬ್ಬ ಅಧ್ಯಕ್ಷರು, ಹತ್ತಕ್ಕೆ ಮೀರದಂತೆ ಸದಸ್ಯರು, ಒಬ್ಬ ಸದಸ್ಯ ಕಾರ್ಯದರ್ಶಿ. ಇದರ ಮಾನ್ಯತೆ ಇಲ್ಲದೆ ದೇಶದಲ್ಲಿ ಯಾರೂ ಮೃಗಾಲಯ ನಡೆಸುವಂತಿಲ್ಲ. ಪ್ರಾಣಿಗಳ ವಸತಿ, ಆಹಾರ, ವೈದ್ಯಕೀಯಕ್ಕೆ ಕನಿಷ್ಠ ಮಟ್ಟ ನಿಗದಿಪಡಿಸುವುದು, ಮೃಗಾಲಯಗಳ ಮೌಲ್ಯಮಾಪನ ಮಾಡುವುದು, ವಂಶಾವಳಿ ಪುಸ್ತಕಗಳನ್ನು ಇಡಿಸುವುದು, ಅಳಿವಿನಂಚಿನ ಪ್ರಾಣಿಗಳ ಸಂತಾನಾಭಿವೃದ್ಧಿಯ ಹೊಣೆಯನ್ನು ಮೃಗಾಲಯಗಳಿಗೆ ಹಂಚುವುದು ಇದರ ಕೆಲಸ. ಮಾನ್ಯತೆ ನಿರಾಕರಿಸಿದರೆ 30 ದಿನದೊಳಗೆ ಕೇಂದ್ರ ಸರಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಇದು ಕಾಗದದ ಹುಲಿಯಾಗಿ ಉಳಿಯಲಿಲ್ಲ. ಆರಂಭದ ಸುಮಾರು ಎರಡು ದಶಕಗಳಲ್ಲಿ ಪ್ರಾಧಿಕಾರ 513 ಮೃಗಾಲಯಗಳನ್ನು ಪರೀಕ್ಷಿಸಿ, 167ಕ್ಕೆ ಮಾನ್ಯತೆ ಕೊಟ್ಟು 346ಕ್ಕೆ ನಿರಾಕರಿಸಿತು ಎಂದು ಕೇಂದ್ರ ಪರಿಸರ ಸಚಿವಾಲಯದ ವರದಿಗಳು ಹೇಳಿವೆ. ಹಾಗೆ ನಿರಾಕರಿಸಿದವುಗಳಲ್ಲಿ 303 ಮುಚ್ಚಿದವು, ಅಲ್ಲಿನ ಪ್ರಾಣಿಗಳನ್ನು ಬೇರೆಡೆಗೆ ಸಾಗಿಸಲಾಯಿತು. ಊರ ಪಾರ್ಕುಗಳಲ್ಲಿ ನಾಲ್ಕು ಜಿಂಕೆ, ಎರಡು ಕೋತಿ, ಒಂದು ಮೊಸಳೆ ಕೂಡಿಹಾಕಿ ಮೃಗಾಲಯ ಎಂದು ಬೋರ್ಡು ಹಾಕುವ ಕಾಲ ಹೀಗೆ ಮುಗಿಯುತ್ತಾ ಬಂತು.

ಕರ್ನಾಟಕ ಈ ವಿಷಯದಲ್ಲಿ ಸ್ವಲ್ಪ ಮುಂದೆಯೇ ಇತ್ತು ಎನ್ನಬೇಕು. 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಅವರ ಕಾಲದಲ್ಲಿ ಆರಂಭವಾದ ಮೈಸೂರು ಮೃಗಾಲಯದ ಆಡಳಿತಕ್ಕೆಂದು 1979ರಲ್ಲಿಯೇ ಕರ್ನಾಟಕ ಮೃಗಾಲಯ ಪ್ರಾಧಿಕಾರ ರೂಪುಗೊಂಡಿತ್ತು. ಆದರೂ ಸಮಿತಿಗಳ ಲೆಕ್ಕಾಚಾರ ಮೈಸೂರಿಗೂ ತಟ್ಟದೆ ಬಿಟ್ಟಿಲ್ಲ. ಅಲ್ಲಿ ವರ್ಷಗಟ್ಟಲೆ ಒಂಟಿಯಾಗಿದ್ದ 'ಪೋಲೊ' ಎಂಬ ಗೊರಿಲ್ಲಾ 2014ರಲ್ಲಿ ಸತ್ತಿತು. ಮತ್ತೆ ಗೊರಿಲ್ಲಾ ಬಂದದ್ದು 2021ರಲ್ಲಿ, ಜರ್ಮನಿಯಿಂದ, ಅದೂ ಎರಡು ಗಂಡು. ಗೊರಿಲ್ಲಾದಂಥ ಪ್ರಾಣಿಯನ್ನು ಬರೀ ದುಡ್ಡು ಕೊಟ್ಟು ತರಲು ಇಂದು ಸಾಧ್ಯವಿಲ್ಲ. ತರುವವರ ದೇಶದ ಪ್ರಾಧಿಕಾರವೂ ಕಳಿಸುವವರ ಸಂಘವೂ ಒಪ್ಪಬೇಕು.

ಸರಕಾರಿ ಪ್ರಾಧಿಕಾರದ ಬಲ ಅದರ ಕಾನೂನು. ಆದರೆ ನಮ್ಮ ಹೆಚ್ಚಿನ ಮೃಗಾಲಯಗಳು ನಡೆಯುವುದೂ ಸರಕಾರ ಅಥವಾ ಪಾಲಿಕೆಯ ಕೈಯಲ್ಲಿ. ಸರಕಾರವೇ ನಡೆಸಿ, ಸರಕಾರವೇ ಪರೀಕ್ಷಿಸುವಾಗ ಕೂಡ ಬೇಲಿ-ಹೊಲದ ಪ್ರಶ್ನೆ ಇದ್ದೇ ಇರುತ್ತದೆ. ಸಂಘವಾಗಲಿ, ಪ್ರಾಧಿಕಾರವಾಗಲಿ, ಒಳಗಿರುವ ಮನುಷ್ಯರು ತಮ್ಮವರಿಗೆ 'ಇದು ಸರಿಯಿಲ್ಲ' ಎಂದು ಹೇಳುವ ಧೈರ್ಯ ತೋರಿದರೆ ಮಾತ್ರ ಸಮಿತಿಯಿಂದ ಪ್ರಾಣಿಗೆ ಪ್ರಯೋಜನ. ಇಲ್ಲವಾದರೆ ಅದು ಚಹಾ ಕುಡಿದು, ಸರ್ವಾನುಮತದಿಂದ ನಿರ್ಣಯ ಅಂಗೀಕರಿಸಿ, ವಂದನಾರ್ಪಣೆ ಮಾಡಿ ಏಳುವ ಇನ್ನೊಂದು ಸಭೆಯಷ್ಟೇ.

ನೋಡುಗರ ಪಾಲು

ಮೃಗಾಲಯಕ್ಕೆ ಹೋಗುವ ನಾಗರಿಕರಿಗೂ ಇಲ್ಲಿ ಒಂದು ಪಾಲಿದೆ. ಕೊಲಂಬಸ್‌ನಲ್ಲಿ ಮೊದಲು ಪ್ರಶ್ನೆ ಕೇಳಿದ್ದು ಹೊರಗಿನವರು. ಮುಂಬಯಿಯಲ್ಲಿ ಪೆಂಗ್ವಿನ್ ಸತ್ತಾಗ ಕೇಳಿದ್ದೂ ಹೊರಗಿನವರೇ. ಗೂಡಿನಲ್ಲಿ ಗಾಯಗೊಂಡ ಪ್ರಾಣಿ ಕಂಡರೆ, ಕುಡಿಯುವ ನೀರು ಕೊಳೆತಿದ್ದರೆ, ಕಾವಲುಗಾರನಿಗೆ ಹೇಳಿ ಸುಮ್ಮನಾಗದೆ ಮೃಗಾಲಯದ ನಿರ್ದೇಶಕರಿಗೆ, ಬೇಕಾದರೆ ಪ್ರಾಧಿಕಾರಕ್ಕೆ ಒಂದು ಪತ್ರ ಬರೆಯಬಹುದು. ಸಮಿತಿಯ ಮುಂದೆ ಕಡತವಾಗಿ ಹೋಗುವುದು ಅಂಥ ಪತ್ರವೇ.

ಜೊತೆಗೆ ನಮ್ಮ ನಡವಳಿಕೆಯೂ ಇದೆ. ಮೃಗಾಲಯದಲ್ಲಿ ಪ್ರಾಣಿಯನ್ನು ಕೆಣಕುವುದು, ಗಾಯಗೊಳಿಸುವುದು, ತಿನಿಸು ಕೊಡುವುದು, ಗದ್ದಲ ಮಾಡಿ ಬೆದರಿಸುವುದು, ಕಸ ಎಸೆಯುವುದು ವನ್ಯಜೀವಿ ಕಾಯ್ದೆಯ ಪ್ರಕಾರ ನಿಷಿದ್ಧ. ಮುಂದಿನ ರಜೆಯಲ್ಲಿ ಮಕ್ಕಳನ್ನು ರಾಣಿಬಾಗ್‌ಗೋ ಪಿಲಿಕುಳಕ್ಕೋ ಕರೆದುಕೊಂಡು ಹೋಗುವ ಹಿರಿಯರು, ಕೈಯಲ್ಲಿರುವ ಕಡಲೆಕಾಯಿ ಪೊಟ್ಟಣವನ್ನು ಮಕ್ಕಳೇ ತಿನ್ನಲಿ, ಕೋತಿಗೆ ಎಸೆಯುವುದು ಬೇಡ ಎಂದು ಗೇಟಿನಲ್ಲೇ ಹೇಳಿದರೆ, ಆ ಮೂಕ ಪ್ರಾಣಿಗಳ ಪರವಾಗಿ ಅವರೂ ಒಂದು ಕೈ ಎತ್ತಿದಂತೆ.